ಒಂದು ಚರ್ಚು ಮಾರಾಟಕ್ಕೆ, ಇನ್ನೊಂದರ ಮುಂದೆ ಊಟಕ್ಕೆ ಸಾಲು: ಜರ್ಮನಿಯ ಲುಥೆರನ್ ಬಡಾವಣೆಗಳಲ್ಲಿ ಆಗುತ್ತಿರುವುದೇನು?

ಪ್ರತಿ ವರ್ಷ ವಸಂತದ ಹೊತ್ತಿಗೆ ಜರ್ಮನಿಯ ಚರ್ಚುಗಳು ತಮ್ಮ ಸದಸ್ಯರ ಲೆಕ್ಕ ಹೊರಹಾಕುತ್ತವೆ. ಪ್ರತಿ ವರ್ಷವೂ ಅದು ಇಳಿಕೆಯ ಲೆಕ್ಕವೇ. ಅದರ ಬೆನ್ನಿಗೇ ಚರ್ಚು ರೆಸ್ಟೋರೆಂಟ್ ಆಯಿತು, ಮಸೀದಿ ಆಯಿತು ಎಂಬ ಚಿತ್ರಗಳು ನಮ್ಮ ವಾಟ್ಸ್‌ಆ್ಯಪ್ ಗುಂಪುಗಳವರೆಗೂ ಬರುತ್ತವೆ. ಇನ್ನೊಂದು ಬಗೆಯ ಸುದ್ದಿಯೂ ಉಂಟು. ಸ್ಟುಟ್‌ಗಾರ್ಟಿನ ಹಳೆಯ ಲುಥೆರನ್ ಚರ್ಚೊಂದರ, ಎಂದರೆ ಮಾರ್ಟಿನ್ ಲುಥೆರ್ ಹಾದಿಯ ಪ್ರೊಟೆಸ್ಟೆಂಟ್ ಚರ್ಚೊಂದರ, ಬಾಗಿಲಲ್ಲಿ ಚಳಿಗಾಲವಿಡೀ ಜನರ ಸಾಲು, ಒಳಗೆ ದಿನಕ್ಕೆ ನೂರಾರು ಊಟ. 2025ರ ಮೇ 25ರಂದು, 25-5-25 ಎಂಬ ತಾರೀಖಿನ ಸೊಗಸಿಗೆ, ದೇಶದುದ್ದಕ್ಕೂ ಚರ್ಚುಗಳು ಬಾಗಿಲು ತೆರೆದಿಟ್ಟು ಮುಂಚಿತವಾಗಿ ಹೇಳದೆ ಬಂದ ಜೋಡಿಗಳಿಗೂ ವಿವಾಹದ ಆಶೀರ್ವಾದ ಕೊಟ್ಟವು.

ಹಾಗಾದರೆ ಚರ್ಚು ಸಾಯುತ್ತಿದೆಯೋ, ಚಿಗುರುತ್ತಿದೆಯೋ? ಎರಡೂ ಸುದ್ದಿ ನಿಜ. ಇಳಿಯುತ್ತಿರುವುದು ಸದಸ್ಯತ್ವ, ಚಿಗುರುತ್ತಿರುವುದು ಕಟ್ಟಡದ ಬಳಕೆ. ಇವೆರಡನ್ನೂ ಒಂದೇ ಪದದಲ್ಲಿ ಕರೆಯುವುದರಿಂದಲೇ ಗೊಂದಲ.

ಲೆಕ್ಕ

ಜರ್ಮನಿಯ ಪ್ರೊಟೆಸ್ಟೆಂಟ್ ಒಕ್ಕೂಟದಲ್ಲಿ 20 ಪ್ರಾಂತೀಯ ಚರ್ಚುಗಳಿವೆ. ಸ್ಟುಟ್‌ಗಾರ್ಟ್ ಇರುವ ವುರ್ಟೆಂಬರ್ಗ್, ಬವೇರಿಯಾ, ಸ್ಯಾಕ್ಸನಿ, ಹ್ಯಾನೋವರ್, ಹ್ಯಾಂಬರ್ಗ್ ಸೇರಿದ ಉತ್ತರ ಪ್ರಾಂತ, ಇವೆಲ್ಲ ಲುಥೆರನ್. ಉಳಿದವು ಬಹುಪಾಲು ಲುಥೆರನ್ ಪಂಥ ಮತ್ತು ಪ್ರೊಟೆಸ್ಟೆಂಟರದೇ ಇನ್ನೊಂದು ಕವಲಾದ ರಿಫಾರ್ಮ್ಡ್ ಪಂಥ ಕೂಡಿದ ಸಂಯುಕ್ತ ಚರ್ಚುಗಳು. 2023ರ ಕೊನೆಗೆ ಒಕ್ಕೂಟದಲ್ಲಿದ್ದ ಸದಸ್ಯರು ಸುಮಾರು 1.86 ಕೋಟಿ. 2024ರ ಕೊನೆಗೆ ಅದು 1.8 ಕೋಟಿಗೆ ಇಳಿಯಿತು. ಆ ಒಂದು ವರ್ಷದಲ್ಲಿ ಸುಮಾರು 3.45 ಲಕ್ಷ ಜನ ಕಚೇರಿಗೆ ಹೋಗಿ ಹೆಸರು ತೆಗೆಸಿದರು, ಸುಮಾರು 3.3 ಲಕ್ಷ ಸದಸ್ಯರು ತೀರಿಕೊಂಡರು. ಹೊಸದಾಗಿ ದೀಕ್ಷಾಸ್ನಾನ ಪಡೆದವರು ಸುಮಾರು 1.1 ಲಕ್ಷ.

ಮುದುಕರು ಸಾಯುತ್ತಾರೆ, ಮಕ್ಕಳು ಹುಟ್ಟುವುದಿಲ್ಲ, ಅದಕ್ಕೇ ಇಳಿಕೆ ಎಂದು ಕೈತೊಳೆದುಕೊಳ್ಳುವುದು ಸುಲಭ. 2019ರಲ್ಲಿ ಫ್ರೈಬುರ್ಗ್ ವಿಶ್ವವಿದ್ಯಾಲಯದ ಅಂದಾಜು ಈ ಸಮಾಧಾನವನ್ನೂ ಕಿತ್ತುಕೊಂಡಿತು. 2060ರ ಹೊತ್ತಿಗೆ ಸದಸ್ಯರ ಸಂಖ್ಯೆ ಅರ್ಧಕ್ಕಿಳಿಯುತ್ತದೆ, ಆ ಇಳಿಕೆಯಲ್ಲಿ ಹೆಚ್ಚಿನ ಪಾಲು ಜನನ-ಮರಣದ್ದಲ್ಲ, ಬಿಟ್ಟುಹೋಗುವವರದು ಮತ್ತು ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸದವರದು ಎಂದು ಅದು ಹೇಳಿತು. 2024ರ ಜನವರಿಯಲ್ಲಿ ಹೊರಬಂದ ಲೈಂಗಿಕ ದೌರ್ಜನ್ಯದ ಅಧ್ಯಯನ ಕನಿಷ್ಠ 2,225 ಸಂತ್ರಸ್ತರನ್ನು ಲೆಕ್ಕಕ್ಕೆ ತಂದಿತು. ಇಂಥದ್ದೆಲ್ಲ ಕ್ಯಾಥೊಲಿಕರ ರೋಗ ಎಂದುಕೊಂಡಿದ್ದ ಪ್ರೊಟೆಸ್ಟೆಂಟರ ಭ್ರಮೆ ಅಲ್ಲಿಗೆ ಮುಗಿಯಿತು.

ಸಂಬಳದ ಚೀಟಿಯಲ್ಲಿ ಚರ್ಚು

ಬಿಟ್ಟುಹೋಗಲು ಕಚೇರಿಗೆ ಯಾಕೆ ಹೋಗಬೇಕು, ಭಾನುವಾರ ಚರ್ಚಿಗೆ ಹೋಗದಿದ್ದರೆ ಸಾಲದೆ? ಸಾಲದು. ಜರ್ಮನಿಯಲ್ಲಿ ಚರ್ಚಿನ ಸದಸ್ಯತ್ವ ಸರ್ಕಾರಿ ದಾಖಲೆಯಲ್ಲಿದೆ, ತೆರಿಗೆಯೂ ಅಲ್ಲೇ ಹುಟ್ಟುತ್ತದೆ. ಕಿರ್ಶೆನ್‌ಷ್ಟೋಯರ್ ಎಂಬ ಈ ಚರ್ಚು ತೆರಿಗೆಗೆ 1919ರ ವೈಮಾರ್ ಸಂವಿಧಾನದ ಖಾತ್ರಿಯಿದೆ, ಈಗಿನ ಸಂವಿಧಾನವೂ ಅದನ್ನು ಉಳಿಸಿಕೊಂಡಿದೆ. ಇದು ಆದಾಯದ ಮೇಲಲ್ಲ, ಆದಾಯ ತೆರಿಗೆಯ ಮೇಲೆ ಬೀಳುವ ತೆರಿಗೆ. ನಮ್ಮಲ್ಲಿ ಆದಾಯ ತೆರಿಗೆಯ ಮೇಲೆ 4% ಸೆಸ್ ಬೀಳುತ್ತದಲ್ಲ, ಆ ಲೆಕ್ಕ. ಬವೇರಿಯಾ ಮತ್ತು ಬಾಡೆನ್-ವುರ್ಟೆಂಬರ್ಗ್ ರಾಜ್ಯಗಳಲ್ಲಿ 8%, ಬೇರೆಡೆ 9%. ವರ್ಷಕ್ಕೆ 10,000 ಯೂರೊ ಆದಾಯ ತೆರಿಗೆ ಕಟ್ಟುವವರಿಗೆ ಸ್ಟುಟ್‌ಗಾರ್ಟಿನಲ್ಲಿ 800, ಹ್ಯಾಂಬರ್ಗಿನಲ್ಲಿ 900 ಯೂರೊ. ಈ ಮೊತ್ತವನ್ನು ಮುಂದಿನ ವರ್ಷದ ತೆರಿಗೆ ವಿವರದಲ್ಲಿ ಪೂರ್ತಿಯಾಗಿ ಆದಾಯದಿಂದ ಕಳೆದು ತೋರಿಸಬಹುದು. ಮೇಲಿನ ಹಂತದ ದರ 35% ಇರುವವರಿಗೆ 800ರಲ್ಲಿ 280 ವಾಪಸ್ ಬಂದು, ನಿಜವಾದ ಹೊರೆ 520ಕ್ಕೆ ನಿಲ್ಲುತ್ತದೆ. ಹೆಸರು ತೆಗೆಸಲು ಹೊರಟವರಲ್ಲಿ ಬಹಳ ಮಂದಿ ಈ ಎರಡನೆಯ ಲೆಕ್ಕ ಹಾಕಿರುವುದೇ ಇಲ್ಲ.

ಉದ್ಯೋಗದಾತರು ಸಂಬಳದಲ್ಲೇ ಹಿಡಿಯುತ್ತಾರೆ, ತೆರಿಗೆ ಇಲಾಖೆ ತನ್ನ ಸೇವಾಶುಲ್ಕವಾಗಿ ಶೇಕಡಾ ಎರಡು-ಮೂರು ಇಟ್ಟುಕೊಂಡು ಉಳಿದದ್ದನ್ನು ಚರ್ಚಿಗೆ ದಾಟಿಸುತ್ತದೆ. ನಮ್ಮ ಮುಜರಾಯಿ ಇಲಾಖೆಗೆ ಇದನ್ನು ಹೋಲಿಸಬಾರದು. ಅಲ್ಲಿ ಸರ್ಕಾರ ಹಣ ಎತ್ತಿಕೊಡುತ್ತದೆಯೇ ಹೊರತು ಚರ್ಚಿನ ಆಡಳಿತ ನಡೆಸುವುದಿಲ್ಲ.

ಬೆಂಗಳೂರಿನಿಂದ ಬಾಷ್, ಮರ್ಸಿಡಿಸ್ ಕೆಲಸದ ಮೇಲೆ ಸ್ಟುಟ್‌ಗಾರ್ಟಿಗೆ ಹೋಗುವ ಕನ್ನಡಿಗರಿಗೆ ಇದು ಮೊದಲ ವಾರವೇ ಎದುರಾಗುತ್ತದೆ. ವಿಳಾಸ ನೋಂದಣಿಯ ಅರ್ಜಿಯಲ್ಲಿ ಧರ್ಮದ ಕಾಲಂ ಇರುತ್ತದೆ. ಹಿಂದೂ, ಜೈನ, ಮುಸ್ಲಿಂ ಎಂದರೆ ತೆರಿಗೆ ಇಲ್ಲ. ಮಂಗಳೂರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು ‘ಎವಾಂಗೆಲಿಶ್’ (ಪ್ರೊಟೆಸ್ಟೆಂಟ್) ಎಂದು ಬರೆಸಿದರೆ ಸಾಮಾನ್ಯವಾಗಿ ಅಲ್ಲಿನ ಚರ್ಚಿನ ಸದಸ್ಯರೆಂದೇ ದಾಖಲಾಗಿ ಮುಂದಿನ ಸಂಬಳದಿಂದ ಕಡಿತ ಶುರು. ಕ್ಯಾಥೊಲಿಕರಿಗೂ ಹಾಗೆಯೇ. ಬೇಡವೆಂದರೆ ಬರ್ಲಿನ್‌ನಲ್ಲಿ ಕೆಳ ನ್ಯಾಯಾಲಯಕ್ಕೆ, ಸ್ಟುಟ್‌ಗಾರ್ಟ್ ಮತ್ತು ಹ್ಯಾಂಬರ್ಗಿನಲ್ಲಿ ಜನನ-ಮರಣ ನೋಂದಣಿ ಕಚೇರಿಗೆ ಪಾಸ್‌ಪೋರ್ಟ್ ಹಿಡಿದು ಖುದ್ದಾಗಿ ಹೋಗಬೇಕು, ಇಲ್ಲವೇ ನೋಟರಿ ದೃಢೀಕರಿಸಿದ ಪತ್ರ ಕಳಿಸಬೇಕು. ಇಮೇಲ್ ನಡೆಯದು. ಕಾರಣ ಕೇಳುವುದಿಲ್ಲ. ಅಲ್ಲಿ ಕೊಡುವ ಪ್ರಮಾಣಪತ್ರವನ್ನು ಜೋಪಾನ ಮಾಡಬೇಕು. ಊರು ಬದಲಿಸಿದಾಗ, ವರ್ಷಗಳ ಮೇಲೂ, ನೀವು ಬಿಟ್ಟಿದ್ದೀರಿ ಎಂಬುದಕ್ಕೆ ಅದೇ ಸಾಕ್ಷಿ.

ಹೆಸರು ತೆಗೆಸುವವರಲ್ಲಿ ಇಪ್ಪತ್ತರಿಂದ ಮೂವತ್ತೈದರ ಒಳಗಿನವರೇ ಹೆಚ್ಚು. ಆ ವಯಸ್ಸಿನಲ್ಲಿ ದೇವರ ಬಗ್ಗೆ ಹಠಾತ್ತನೆ ಸಂಶಯ ಹುಟ್ಟುತ್ತದೆ ಎಂದೇನಲ್ಲ. ಮೊದಲ ದೊಡ್ಡ ಸಂಬಳದ ಚೀಟಿ ಕೈಗೆ ಬರುವುದು ಆಗ.

ಹಣ ಬರುತ್ತಿತ್ತು, ಜನ ಹೋಗುತ್ತಿದ್ದರು

ಸದಸ್ಯರು ಕಡಿಮೆಯಾದ ಹಾಗೆ ಚರ್ಚು ಬಡವಾಗಬೇಕಿತ್ತು. ಆಗಲಿಲ್ಲ. ಸಂಬಳ ಏರುತ್ತಿದ್ದುದರಿಂದ ಉಳಿದವರ ತೆರಿಗೆಯೂ ಏರಿತು, ಪ್ರೊಟೆಸ್ಟೆಂಟ್ ಚರ್ಚುಗಳಿಗೆ ಈಚಿನ ವರ್ಷಗಳಲ್ಲೂ ವರ್ಷಕ್ಕೆ ಸುಮಾರು 600 ಕೋಟಿ ಯೂರೊ ಬಂದಿದೆ. ಕೈಯಲ್ಲಿ ಹಣವಿದ್ದಾಗ ಯಾವ ಸಭೆಯೂ, ಅಂದರೆ ಒಂದು ಚರ್ಚಿಗೆ ಸೇರಿದ ಯಾವ ಭಕ್ತಸಮುದಾಯವೂ, ತನ್ನ ಕಟ್ಟಡ ಬಿಡಲು ಒಪ್ಪದು. ಈಗ ತಿರುವು ಬಂದಿದೆ. ಐವತ್ತು-ಅರವತ್ತರ ದಶಕದಲ್ಲಿ ಹುಟ್ಟಿದ ದೊಡ್ಡ ಪೀಳಿಗೆ ನಿವೃತ್ತಿಗೆ ಬಂದಿದೆ. ಅವರು ಚರ್ಚು ಬಿಡದಿದ್ದರೂ ಪಿಂಚಣಿಯ ಮೇಲೆ ಕಟ್ಟುವ ತೆರಿಗೆ ಅತ್ಯಲ್ಪ. ಕೂಲಿ, ಇಂಧನ, ಕಟ್ಟಡ ಸಾಮಗ್ರಿಯ ಬೆಲೆ ಮಾತ್ರ ಏರುತ್ತಲೇ ಇದೆ. ಮೂವತ್ತು ವರ್ಷ ನಿಧಾನವಾಗಿ ಆಗಬೇಕಿದ್ದ ಕಡಿತ ಹತ್ತು ವರ್ಷದಲ್ಲಿ ಒಟ್ಟಿಗೆ ಬಂದಂತೆ ಕಾಣುವುದು ಇದರಿಂದ. ವುರ್ಟೆಂಬರ್ಗ್ ಚರ್ಚು ‘ಫಾರ್‌ಪ್ಲಾನ್ 2030’ ಎಂಬ ಯೋಜನೆಯಡಿ ಸಭಾಪಾಲಕರ (ಪಾಸ್ಟರ್‌ಗಳ) ಹುದ್ದೆಗಳನ್ನೇ ಕಡಿತಗೊಳಿಸುತ್ತಿದೆ.

ಚರ್ಚು ಕುಸಿದರೆ ಅದರ ಹೆಸರಿನ ಆಸ್ಪತ್ರೆ, ವೃದ್ಧಾಶ್ರಮಗಳ ಗತಿ ಏನು ಎಂದು ನರ್ಸಿಂಗ್ ಕೆಲಸಕ್ಕೆ ಹೋದವರು ಕೇಳುವುದುಂಟು. ಪ್ರೊಟೆಸ್ಟೆಂಟ್ ಚರ್ಚುಗಳ ಸೇವಾ ಸಂಘಟನೆಯಾದ ಡಿಯಾಕೋನಿಯ ಆ ಸಂಸ್ಥೆಗಳು ನಡೆಯುವುದು ಬಹುಪಾಲು ಆರೋಗ್ಯ ವಿಮೆ, ಆರೈಕೆ ವಿಮೆ ಮತ್ತು ಸರ್ಕಾರಿ ಹಣದಲ್ಲಿ. ಸದಸ್ಯರ ಇಳಿಕೆ ಅವುಗಳಿಗೆ ನೇರವಾಗಿ ತಟ್ಟುವುದಿಲ್ಲ.

ಮೊದಲು ಸೋಲುವುದು ಕಟ್ಟಡ

ಎರಡನೆಯ ಮಹಾಯುದ್ಧದ ನಂತರ ಪೂರ್ವದಿಂದ ಓಡಿಸಲ್ಪಟ್ಟ ಲಕ್ಷಾಂತರ ಜನ ಬಂದರು, ಬಾಂಬಿಗೆ ಸುಟ್ಟ ಬಡಾವಣೆಗಳು ಮತ್ತೆ ಎದ್ದವು. ಮನೆಯ ಚಪ್ಪಲಿಯಲ್ಲೇ ನಡೆದು ಹೋಗುವಷ್ಟು ಹತ್ತಿರ ಒಂದು ಚರ್ಚಿರಲಿ ಎಂಬುದು ಆಗಿನ ಮಂತ್ರ. ಹಾಗೆ ಎರಡೇ ದಶಕದಲ್ಲಿ ಕಟ್ಟಿದ ಕಾಂಕ್ರೀಟ್ ಚರ್ಚುಗಳೇ ಇಂದು ಮೊದಲು ಕೈಕೊಡುತ್ತಿವೆ, ಐನೂರು ವರ್ಷದ ಕಲ್ಲಿನ ಚರ್ಚುಗಳಲ್ಲ. ಕಾರಣ ಸರಳ. ಕಾಂಕ್ರೀಟ್ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರುತ್ತ ಹೀರುತ್ತ ತನ್ನ ಕ್ಷಾರಗುಣ ಕಳೆದುಕೊಳ್ಳುತ್ತದೆ. ಆ ಕ್ಷಾರವೇ ಒಳಗಿನ ಕಬ್ಬಿಣಕ್ಕೆ ರಕ್ಷೆ. ಅದು ಹೋದ ಕೂಡಲೇ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಮೇಲಿನ ಪದರ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಎತ್ತರದ ಗಂಟೆಗೋಪುರದಲ್ಲಿ ಹೀಗಾದರೆ ಕೆಳಗೆ ಓಡಾಡುವವರ ತಲೆಗೆ ಅಪಾಯ. ಸಾರುವೆ ಹಾಕುವುದಕ್ಕೇ ಭಾರಿ ಖರ್ಚು, ದುರಸ್ತಿ ಆಮೇಲಿನ ಮಾತು. ಮಟ್ಟಸ ಚಾವಣಿಯಲ್ಲಿ ನೀರು ನಿಲ್ಲುವುದು, ಕಾಂಕ್ರೀಟ್ ಚೌಕಟ್ಟಿನ ದಪ್ಪ ಬಣ್ಣದ ಗಾಜು ಬಿರುಕು ಬಿಡುವುದು, ಇವು ಬೇರೆ.

ಬಿಸಿ ಮಾಡುವುದೂ ಸಣ್ಣ ಕೆಲಸವಲ್ಲ. ವಾರಕ್ಕೆ ಒಂದು ಗಂಟೆಯ ಆರಾಧನೆಗೆ ಇಡೀ ಮಂದಿರದ ಗಾಳಿ ಬೆಚ್ಚಗಾಗಬೇಕು. ದಿಢೀರನೆ ಬಿಸಿ ಮಾಡಿದರೆ ಗಾಳಿ ಒಣಗಿ, ಚರ್ಚಿನ ದೊಡ್ಡ ಕೊಳವೆ ವಾದ್ಯವಾದ ಆರ್ಗನ್‌ನ ಮರ ಸೀಳುತ್ತದೆ. ಹಾಗಾಗಿ ಗಂಟೆಗೆ ಒಂದು ಡಿಗ್ರಿಗಿಂತ ಹೆಚ್ಚು ಏರಿಸಬಾರದು ಎಂಬ ಪಾಠವಿದೆ. ಉಳಿದ ದಿನ 8 ಡಿಗ್ರಿಯ ಆಸುಪಾಸು ಇಟ್ಟುಕೊಂಡವರು ಶನಿವಾರ ರಾತ್ರಿಯೇ ಉರಿ ಹಚ್ಚಬೇಕು. ಪೂರ್ತಿ ನಿಲ್ಲಿಸೋಣವೆಂದರೆ ತೇವ 70% ದಾಟಿ ಆರ್ಗನ್ ಕೊಳವೆಗಳ ಒಳಗೆ ಬೂಸಲು ಕೂರುತ್ತದೆ, ಅದನ್ನು ಬಿಚ್ಚಿ ತೊಳೆಯುವ ಖರ್ಚು ಉಳಿಸಿದ ಅನಿಲದ ದುಡ್ಡನ್ನು ನುಂಗುತ್ತದೆ. 2022-23ರ ಇಂಧನ ಬಿಕ್ಕಟ್ಟಿನಲ್ಲಿ ಎಷ್ಟೋ ಸಭೆಗಳು ಪಕ್ಕದ ಸಭಾಭವನಕ್ಕೆ ಆರಾಧನೆ ಬದಲಿಸಿದವು, ಇಲ್ಲವೇ ವಿದ್ಯುತ್ತಿನಿಂದ ಬಿಸಿಯಾಗುವ ದಿಂಬು ಹಂಚಿದವು. ಗಾಳಿ ಬಿಟ್ಟು ಕೂತವರನ್ನಷ್ಟೇ ಬೆಚ್ಚಗಿಡುವ ಈ ಉಪಾಯ ಹಲವೆಡೆ ಹಾಗೇ ಉಳಿದುಕೊಂಡಿದೆ. ಇದರ ಮೇಲೆ, 2035ರೊಳಗೆ ಇಂಗಾಲದ ಹೊರಸೂಸುವಿಕೆಯನ್ನು 90% ತಗ್ಗಿಸಬೇಕೆಂದು ಒಕ್ಕೂಟವೇ 2022ರಲ್ಲಿ ಗುರಿ ಇಟ್ಟುಕೊಂಡಿದೆ. ಹಳೆಯ ಬಾಯ್ಲರ್ ಕೆಟ್ಟ ದಿನ ಅನೇಕ ಸಭೆಗಳ ಭವಿಷ್ಯವೂ ತೀರ್ಮಾನವಾಗುತ್ತದೆ.

ಹಾರ್ನ್: ಮಾರಿದ ಮೇಲೆ ಮಾತಿಲ್ಲ

ಹ್ಯಾಂಬರ್ಗಿನ ಹಾರ್ನ್ 1943ರ ಬಾಂಬ್ ದಾಳಿಯಲ್ಲಿ ಸುಟ್ಟು ಮತ್ತೆ ಕಟ್ಟಿದ ಬಡಾವಣೆ. ಅಲ್ಲಿನ ಕಪೆರ್ನೌಮ್ ಲುಥೆರನ್ ಚರ್ಚು 1961ರದ್ದು, ಗೋಪುರ 44 ಮೀಟರ್. ಜನ ಕರಗಿದರು, 2002ರಲ್ಲಿ ಕೊನೆಯ ಆರಾಧನೆ ನಡೆದು ಚರ್ಚಿನ ಪಟ್ಟದಿಂದ ಅದನ್ನು ಇಳಿಸಲಾಯಿತು. ಬಳಿಕ ಕಟ್ಟಡ ಹೂಡಿಕೆದಾರರೊಬ್ಬರ ಕೈಸೇರಿ ವರ್ಷಗಟ್ಟಲೆ ಪಾಳುಬಿತ್ತು. ಅದುವರೆಗೆ ನೆಲಮಾಳಿಗೆಯ ಕಾರ್ ಗ್ಯಾರೇಜಿನಲ್ಲಿ ನಮಾಜು ಮಾಡುತ್ತಿದ್ದ ಅಲ್-ನೂರ್ ಎಂಬ ಮುಸ್ಲಿಂ ಸಮುದಾಯ 2012ರಲ್ಲಿ ಅದನ್ನು ಕೊಂಡು, ದುರಸ್ತಿ ಮಾಡಿ, 2018ರಲ್ಲಿ ಮಸೀದಿಯಾಗಿ ತೆರೆಯಿತು. ಹೊರಗಿನ ರೂಪ ಸಂರಕ್ಷಿತ ಸ್ಮಾರಕವಾದ್ದರಿಂದ ಹಾಗೇ ಇದೆ.

‘ಚರ್ಚನ್ನು ಮಸೀದಿಗೆ ಮಾರಿದರು’ ಎಂದು ಓಡಾಡುವ ಒಕ್ಕಣೆ ಅರ್ಧ ಸುಳ್ಳು. ಚರ್ಚು ಮಾರಿದ್ದು ಹೂಡಿಕೆದಾರರಿಗೆ. ಒಕ್ಕೂಟ 2006ರ ಕೈಪಿಡಿಯಲ್ಲಿ ಚರ್ಚುಗಳು ಮಸೀದಿಯಾಗುವುದು ಸಲ್ಲದೆಂಬ ನಿಲುವು ತಳೆದಿತ್ತು. ಆದರೆ ಎರಡನೆಯ ಮಾರಾಟದ ಹೊತ್ತಿಗೆ ಅದರ ಮಾತಿಗೆ ಬೆಲೆ ಇರಲಿಲ್ಲ. ಸಿನಗಾಗ್ ಆಗುವುದಾದರೆ ನಿಲುವು ಬೇರೆ. ಬೀಲೆಫೆಲ್ಡಿನಲ್ಲಿ 2008ರಲ್ಲಿ, ಕಾಟ್‌ಬುಸ್‌ನಲ್ಲಿ 2015ರಲ್ಲಿ ಪ್ರೊಟೆಸ್ಟೆಂಟ್ ಚರ್ಚುಗಳು ಯಹೂದಿ ಪ್ರಾರ್ಥನಾ ಮಂದಿರಗಳಾದವು. ಅದೇ ಬೀಲೆಫೆಲ್ಡಿನ ಮಾರ್ಟಿನಿ ಚರ್ಚು 2005ರಿಂದ ರೆಸ್ಟೋರೆಂಟ್. ಸ್ವಂತ ಹಿಡಿತ ಬಿಡಲು ಇಷ್ಟವಿಲ್ಲದ ಸಭೆಗಳು ಈಗ ಮಾರುವ ಬದಲು ದೀರ್ಘಾವಧಿ ಗುತ್ತಿಗೆಗೆ ಕೊಡುವುದು, ಕ್ರಯಪತ್ರದಲ್ಲೇ ಮರುಖರೀದಿಯ ಹಕ್ಕು ಬರೆಸುವುದು ಮಾಡುತ್ತವೆ.

ಪಟ್ಟ ಇಳಿಸುವುದೆಂದರೆ ಏನು ಎಂದು ನಮ್ಮವರು ಕೇಳುವುದು ಸಹಜ. ಪ್ರಾಣಪ್ರತಿಷ್ಠೆಯಾದ ಮೂರ್ತಿಯಂಥದ್ದು ಲುಥೆರನ್ ಚರ್ಚಿನಲ್ಲಿಲ್ಲ. 1544ರಲ್ಲಿ ಟೋರ್ಗೌ ಕೋಟೆಯ ಪ್ರಾರ್ಥನಾಲಯವನ್ನು ಉದ್ಘಾಟಿಸುವಾಗ ಲುಥೆರ್ ಹೇಳಿದ್ದರ ತಾತ್ಪರ್ಯವೂ ಇದೇ: ಇಲ್ಲಿ ದೇವರು ವಾಕ್ಯದ ಮೂಲಕ ಮಾತಾಡುವುದು, ನಾವು ಪ್ರಾರ್ಥನೆ-ಹಾಡಿನಲ್ಲಿ ಉತ್ತರಿಸುವುದು, ಇಷ್ಟೇ ನಡೆಯಬೇಕು. ಬಳಕೆ ನಿಂತರೆ ಅದು ಬರೀ ಕಟ್ಟಡ. ಸಭಾಮಂಡಳಿ ತೀರ್ಮಾನಿಸುತ್ತದೆ, ಪ್ರಾಂತೀಯ ಆಡಳಿತ ಒಪ್ಪುತ್ತದೆ, ಕೊನೆಯ ಆರಾಧನೆಯ ತುದಿಗೆ ಬೈಬಲ್, ಪ್ರಭುಭೋಜನದ ಪಾತ್ರೆ, ಶಿಲುಬೆಗಳನ್ನು ಮೆರವಣಿಗೆಯಲ್ಲಿ ಹೊರತಂದು ಬೀಗ ಹಾಕುತ್ತಾರೆ. ಶಾಸ್ತ್ರದ ಪ್ರಕಾರ ಇಷ್ಟು ಸುಲಭ. ಅಲ್ಲೇ ದೀಕ್ಷಾಸ್ನಾನ, ಮದುವೆ ಕಂಡವರು ಆ ಮೆರವಣಿಗೆಯಲ್ಲಿ ಅಳುವುದಕ್ಕೆ ಶಾಸ್ತ್ರದ ಅಡ್ಡಿಯೇನೂ ಇಲ್ಲ.

ಸ್ಟುಟ್‌ಗಾರ್ಟ್: ಏಳು ವಾರದ ಊಟ

ಲಿಯೊನ್‌ಹಾರ್ಟ್ ಚರ್ಚು ಇರುವುದು ಸ್ಟುಟ್‌ಗಾರ್ಟಿನ ಕೆಂಪು ದೀಪದ ಓಣಿಗಳ ಪಕ್ಕ, ಹೆದ್ದಾರಿಯ ಸದ್ದಿನ ಅಂಚಿನಲ್ಲಿ. ಹದಿನೈದನೆಯ ಶತಮಾನದ ಕಟ್ಟಡ, ಹೀಬ್ರೂ ಪಂಡಿತ ಯೋಹಾನೆಸ್ ರಾಯ್‌ಖ್ಲಿನ್ ಸಮಾಧಿ ಇರುವುದು ಇಲ್ಲೇ. 1944ರಲ್ಲಿ ಬಾಂಬಿಗೆ ಕುಸಿದು ಐವತ್ತರ ದಶಕದಲ್ಲಿ ಮತ್ತೆ ಎದ್ದಿತು. ನಗರದ ನಡುವೆ ವಾಸದ ಮನೆಗಳು ಕರಗಿದ ಹಾಗೆ ಇಂಥ ಚರ್ಚುಗಳಿಗೆ ಸ್ವಂತ ಸಭೆ ಉಳಿಯುವುದು ಕಷ್ಟ. 1995ರ ಚಳಿಗಾಲದಲ್ಲಿ ಸಭಾಪಾಲಕ ಮಾರ್ಟಿನ್ ಫ್ರಿಟ್ಸ್ ಮುಂದಾಳತ್ವದಲ್ಲಿ ಇಲ್ಲಿ ಶುರುವಾದದ್ದು ‘ಫೆಸ್ಪರ್ ಕಿರ್ಶೆ’. ಫೆಸ್ಪರ್ ಎಂದರೆ ಸಂಜೆಯ ಪ್ರಾರ್ಥನೆ. ಆ ಸೀಮೆಯ ಸ್ವಾಬಿಯನ್ ಆಡುಮಾತಿನಲ್ಲಿ ಅದೇ ಪದಕ್ಕೆ ಬ್ರೆಡ್ಡು-ಚೀಸಿನ ಲಘು ಊಟ ಎಂಬ ಅರ್ಥವೂ ಇದೆ. ಹೆಸರಲ್ಲೇ ಎರಡೂ ಕೂತಿವೆ.

ಜನವರಿ ನಡುವಿನಿಂದ ಸುಮಾರು ಏಳು ವಾರ ಚರ್ಚಿನೊಳಗೇ ಮೇಜು ಹಾಕಿ ಬಿಸಿ ಊಟ ಬಡಿಸುತ್ತಾರೆ. ದಿನಕ್ಕೆ ಸುಮಾರು 600 ಊಟ. ಪೂರ್ತಿ ಉಚಿತವಲ್ಲ, ಒಂದೆರಡು ಯೂರೊ ಕೊಡಬೇಕು. ಭಿಕ್ಷೆ ತಿಂದ ಭಾವ ಬರದಿರಲಿ ಎಂದು ಹೀಗೆ, ಇದ್ದವರು ಹೆಚ್ಚು ಕೊಡಬಹುದು. ಮನೆಯಿಲ್ಲದವರ ಪಕ್ಕ ಬ್ಯಾಂಕಿನ ನೌಕರ ಕೂರುವುದೂ ಉದ್ದೇಶದ ಭಾಗವೇ. ಮೂಲೆಯಲ್ಲಿ ವೈದ್ಯರು, ಕ್ಷೌರದವರು, ನಾಯಿ ಸಾಕಿಕೊಂಡವರಿಗೆ ಪಶುವೈದ್ಯರು. ಖರ್ಚಿನ ಬಹುಪಾಲು ದೇಣಿಗೆಯಿಂದ, ಕೆಲಸ ನೂರಾರು ಸ್ವಯಂಸೇವಕರದು. ಮಾದರಿ ದಕ್ಷಿಣ ಜರ್ಮನಿಯ ಮೂವತ್ತಕ್ಕೂ ಹೆಚ್ಚು ಊರುಗಳಿಗೆ ಹಬ್ಬಿದೆ.

ಬಿಸಿಯ ಲೆಕ್ಕವೂ ಇಲ್ಲಿ ತಿರುಗುಮುರುಗಾಗುತ್ತದೆ. ವಾರಕ್ಕೊಂದು ಗಂಟೆಗೆ ಉರಿಸುವ ಬದಲು ಏಳು ವಾರ ಒಂದೇ ಸಮ ಉರಿಸಿದರೆ ಕಲ್ಲಿನ ಗೋಡೆಗಳೂ ಕಾದು ನಿಲ್ಲುತ್ತವೆ, ಆ ಉರುವಲಿಗೆ ದಿನವೂ ನೂರಾರು ಜನರ ಉಪಯೋಗ ಸಿಗುತ್ತದೆ.

ಇಷ್ಟಾದರೂ ಈ ಜನಜಂಗುಳಿ ವಸಂತದ ಅಂಕಿಅಂಶದಲ್ಲಿ ಕಾಣುವುದಿಲ್ಲ. ಊಟಕ್ಕೆ ಬಂದವರು ಸದಸ್ಯರಾಗಿ ಹೆಸರು ಬರೆಸುವುದಿಲ್ಲ, ಬರೆಸಿದರೂ ಅವರಲ್ಲಿ ಹೆಚ್ಚಿನವರು ಆದಾಯ ತೆರಿಗೆಯ ಮಿತಿಯ ಕೆಳಗಿನವರು. ಪುನಶ್ಚೇತನ ನಿಜ, ಆದರೆ ಆದಾಯವಿಲ್ಲದ್ದು.

ಹೊಸ ಬಳಕೆ ಮುಗ್ಗರಿಸುವ ಜಾಗಗಳು

ಚರ್ಚನ್ನು ಸಮುದಾಯಕ್ಕೆ ತೆರೆಯೋಣ ಎಂದು ಸಭೆ ಸೇರಿ ಚಪ್ಪಾಳೆ ತಟ್ಟುವುದು ಸುಲಭ, ಅನುಮತಿಯ ಕಡತ ತೆರೆದಾಗ ಕಷ್ಟ ಶುರು. ಜನ ಸೇರುವ ಕಟ್ಟಡಗಳ ಸುರಕ್ಷತಾ ನಿಯಮ 200ಕ್ಕಿಂತ ಹೆಚ್ಚು ಜನ ಸೇರುವ ಜಾಗಗಳಿಗೆ ಅನ್ವಯ, ಆರಾಧನೆಗೆ ಮೀಸಲಾದ ಜಾಗಕ್ಕೆ ವಿನಾಯಿತಿ. ಸಂಗೀತ ಕಛೇರಿ, ಊಟ, ಮಾರುಕಟ್ಟೆ ಎಂದೊಡನೆ ವಿನಾಯಿತಿ ಜಾರುತ್ತದೆ. ಎರಡನೆಯ ನಿರ್ಗಮನ ದ್ವಾರ, ಹೊರಕ್ಕೆ ತೆರೆಯುವ ಬಾಗಿಲು, ತುರ್ತು ದೀಪ, ಗಾಲಿಕುರ್ಚಿಗೆ ಇಳಿಜಾರು, ಎಲ್ಲ ಬೇಕು. ಹಳೆಯ ಗೋಡೆಯಲ್ಲಿ ಹೊಸ ಬಾಗಿಲು ಕೊರೆಯಲು ಸ್ಮಾರಕ ಇಲಾಖೆ ಬಿಡುವುದಿಲ್ಲ. ಒಂದು ಇಲಾಖೆ ಕಡ್ಡಾಯ ಮಾಡಿದ್ದನ್ನು ಇನ್ನೊಂದು ನಿಷೇಧಿಸಿರುತ್ತದೆ.

ನೀರು ಇನ್ನೊಂದು ತೊಡಕು. ಎಷ್ಟೋ ಹಳೆಯ ಚರ್ಚುಗಳಿಗೆ ಶೌಚಾಲಯವಿಲ್ಲ, ನೀರಿನ ಕೊಳವೆಯೇ ಬಂದಿಲ್ಲ. ನೆಲ ಅಗೆದರೆ ಮಧ್ಯಯುಗದ ಸಮಾಧಿಗಳು ಸಿಗುತ್ತವೆ, ಪುರಾತತ್ವದವರು ಬರುತ್ತಾರೆ, ಕೆಲಸ ತಿಂಗಳುಗಟ್ಟಲೆ ನಿಲ್ಲುತ್ತದೆ. ಅಡುಗೆ ಹೊರಗೆ ಮಾಡಿಸಿ, 60 ಡಿಗ್ರಿಗಿಂತ ಕೆಳಗಿಳಿಯದ ಪೆಟ್ಟಿಗೆಗಳಲ್ಲಿ ತರಿಸುವುದು ಇದಕ್ಕೇ. ಯುದ್ಧಾನಂತರದ ಚರ್ಚುಗಳಲ್ಲಿ ಕಾಯುವುದು ಹಕ್ಕುಸ್ವಾಮ್ಯ. ವಾಸ್ತುಶಿಲ್ಪಿ ತೀರಿಕೊಂಡು 70 ವರ್ಷದವರೆಗೆ ವಾರಸುದಾರರು ವಿನ್ಯಾಸ ಕೆಡಿಸುವ ಬದಲಾವಣೆಯನ್ನು ಪ್ರಶ್ನಿಸಬಹುದು.

ಗೋಡೆ ಮುಟ್ಟದೆ ಒಳಗೊಂದು ಗಾಜಿನ ಕೋಣೆ ನಿಲ್ಲಿಸಿ ಅದನ್ನಷ್ಟೇ ಬಿಸಿ ಮಾಡುವುದು ಇತ್ತೀಚಿನ ಒಳ್ಳೆಯ ದಾರಿ. ಬೇಡವಾದ ದಿನ ಬಿಚ್ಚಬಹುದು ಎಂಬ ಕಾರಣಕ್ಕೆ ಸ್ಮಾರಕ ಇಲಾಖೆಯೂ ಸಾಮಾನ್ಯವಾಗಿ ಒಪ್ಪುತ್ತದೆ.

ಯಾರ ವಾದ ಏನು?

ಲೆಕ್ಕ ಹಿಡಿದ ಆಡಳಿತಗಾರರ ಮಾತು ನೇರ: ಕಲ್ಲಿಗೆ ಸುರಿವ ಹಣ ಮನುಷ್ಯರಿಗೆ ಹೋಗಲಿ, ಸಭಾಪಾಲಕರ ಸಂಬಳವಾಗಲಿ, ಉಳಿದದ್ದನ್ನು ಮಾರಿ. ವಾಸ್ತುಶಿಲ್ಪಿಗಳು, ಸಂರಕ್ಷಕರು 2024ರಲ್ಲಿ ಹೊರಡಿಸಿದ ಪ್ರಣಾಳಿಕೆ ಇದಕ್ಕೆ ವಿರುದ್ಧ: ಚರ್ಚುಗಳನ್ನು ತಲೆಮಾರುಗಳ ಕಾಲ ಇಡೀ ಊರು ಕಟ್ಟಿ ಸಾಕಿದೆ, ಅವು ಸಾರ್ವಜನಿಕ ಸೊತ್ತು, ಸರ್ಕಾರ-ಸಮಾಜ ಸೇರಿ ಟ್ರಸ್ಟಿನಂತೆ ಹೊರಲಿ. ಚರ್ಚಿಗೇ ಸೇರದವರು ಮೂರನೆಯ ಪ್ರಶ್ನೆ ಎತ್ತುತ್ತಾರೆ: ಹಿಂದೆ ಕಳೆದುಕೊಂಡ ಆಸ್ತಿಗೆ ಪರಿಹಾರವೆಂದು ಪ್ರೊಟೆಸ್ಟೆಂಟ್, ಕ್ಯಾಥೊಲಿಕ್ ಎರಡೂ ಚರ್ಚುಗಳಿಗೆ ರಾಜ್ಯಗಳು ಈಗಲೂ ವರ್ಷಕ್ಕೆ ಸುಮಾರು 60 ಕೋಟಿ ಯೂರೊ ಕೊಡುತ್ತಿವೆ, ಅದನ್ನು ಕೊನೆಗಾಣಿಸಿ ಎಂದು 1919ರಲ್ಲೇ ಸಂವಿಧಾನ ಹೇಳಿದೆ, ಇನ್ನೂ ಯಾಕೆ ಕೊಡಬೇಕು?

ಪ್ರಣಾಳಿಕೆಯ ಮಾತಿನಲ್ಲಿ ಹುರುಳಿದೆ, ಆದರೆ ಅದು ಬಿಲ್ಲನ್ನು ಇನ್ನೊಬ್ಬರ ಮೇಜಿಗೆ ಸರಿಸುತ್ತದೆ ಅಷ್ಟೇ. ಊರಿನ ಪಾಲಿಕೆಗೂ ಹಣದ ಕೊರತೆಯೇ. ಮಾರುವವರ ವಾದಕ್ಕೂ ಮಿತಿಯಿದೆ. ಸಂರಕ್ಷಿತ ಚರ್ಚಿಗೆ ಗಿರಾಕಿ ಸಿಗುವುದು ಅಪರೂಪ, ಸಿಕ್ಕರೂ ಬೆಲೆ ಬರುವುದು ನಿವೇಶನಕ್ಕೆ, ಕಟ್ಟಡಕ್ಕಲ್ಲ.

ಮುಂದೆ

ಇದರ ಬಿಸಿ ಮಂಗಳೂರಿಗೂ ಸ್ವಲ್ಪ ತಾಕಬಹುದು. ‘ಮಂಗಳೂರ ಸಮಾಚಾರ’ ತಂದ ಹರ್ಮನ್ ಮೋಗ್ಲಿಂಗ್ ವುರ್ಟೆಂಬರ್ಗಿನ ಬ್ರಾಕೆನ್‌ಹೈಮ್‌ನವರು, ಕಿಟ್ಟೆಲ್ ಕೊನೆಯುಸಿರೆಳೆದದ್ದು ಅದೇ ಸೀಮೆಯ ಟ್ಯೂಬಿಂಗೆನ್‌ನಲ್ಲಿ. ಅವರನ್ನು ಕಳಿಸಿದ ಬಾಸೆಲ್ ಮಿಷನ್‌ಗೆ 1855ರಿಂದ ಹಣ ಬರುತ್ತಿದ್ದ ಒಂದು ದಾರಿ ‘ಅರ್ಧ ಬಾಟ್ಸೆನ್’ ವಂತಿಗೆ: ವಾರಕ್ಕೊಂದು ಪುಡಿಗಾಸು, ಮನೆಮನೆಯಿಂದ, ಸ್ವಇಚ್ಛೆಯಿಂದ. ತೆರಿಗೆ ಇಲಾಖೆಯ ಹಂಗಿಲ್ಲದ ಹಣ ಅದು. ಇಂದು ಸಿಎಸ್‌ಐ ಸಭೆ ಸ್ಟುಟ್‌ಗಾರ್ಟಿನ ಇಎಂಎಸ್ ಎಂಬ ಚರ್ಚುಗಳ ಒಕ್ಕೂಟದ ಸದಸ್ಯ. ಜರ್ಮನ್ ಚರ್ಚುಗಳ ಬೊಕ್ಕಸ ಕುಗ್ಗಿದರೆ ಇಂಥ ಒಕ್ಕೂಟಗಳಿಗೆ ಕೊಡುವ ಪಾಲೂ ಕುಗ್ಗುತ್ತದೆ.

ಜರ್ಮನಿಯೊಳಗೆ ತೀರ್ಮಾನಗಳು ಈಗಾಗಲೇ ಪಟ್ಟಿಯಾಗಿವೆ. ವುರ್ಟೆಂಬರ್ಗಿನ ನೆರೆಯ ಬಾಡೆನ್ ಚರ್ಚು ತನ್ನ ಕಟ್ಟಡಗಳಿಗೆ ಸಿಗ್ನಲ್ ದೀಪದ ಬಣ್ಣ ಹಚ್ಚಿದೆ: ಹಸಿರು, ಹಳದಿ, ಕೆಂಪು. ಕೆಂಪು ಎಂದರೆ ನಾಳೆಯೇ ಕೆಡವುತ್ತಾರೆ ಎಂದಲ್ಲ, ದೊಡ್ಡ ದುರಸ್ತಿಗೆ ಇನ್ನು ಪ್ರಾಂತದ ಅನುದಾನವಿಲ್ಲ ಎಂದು. ಕೆಂಪು ಬಿದ್ದ ಚರ್ಚಿನ ಬಾಗಿಲು ಮರುದಿನವೂ ತೆರೆಯುತ್ತದೆ, ಗಂಟೆಯೂ ಹೊಡೆಯುತ್ತದೆ. ಸೂರಿನ ಹಂಚು ಜಾರಿದ ದಿನ ಏಣಿಗೆ ದುಡ್ಡು ಕೊಡುವವರು ಯಾರೆಂದು ಆ ಬಡಾವಣೆಯೇ ಹುಡುಕಿಕೊಳ್ಳಬೇಕು.